ಕ್ಯೂಜಿಐಎಸ್‌ನಲ್ಲಿ ಪದರವನ್ನು ಸೋಸುವುದು: ಯಾವ ಫಿಲ್ಟರ್, ಯಾವಾಗ, ಹೇಗೆ

ನಕ್ಷೆಯ ಒಂದು ಪದರದಲ್ಲಿ ಸಾವಿರಾರು ಬಿಂದುಗಳಿದ್ದು ಅವುಗಳಲ್ಲಿ ಕೆಲವು ಮಾತ್ರ ಬೇಕಾದಾಗ, ಉಳಿದವನ್ನು ಅಳಿಸದೆಯೇ ಬೇಕಾದವನ್ನಷ್ಟೇ ಮುಂದಿಟ್ಟುಕೊಳ್ಳುವ ಕೆಲಸಕ್ಕೆ ಫಿಲ್ಟರ್ ಎನ್ನುತ್ತೇವೆ. ಹೇಳಲು ಸರಳವಾದ ಈ ಕೆಲಸದಲ್ಲಿ ತಪ್ಪುಗಳು ಹೆಚ್ಚಾಗಲು ಒಂದು ಕಾರಣವಿದೆ. ನಕ್ಷೆ ತಯಾರಿಸುವ ಕ್ಯೂಜಿಐಎಸ್ ತಂತ್ರಾಂಶದಲ್ಲಿ ಫೀಚರ್‌ಗಳನ್ನು, ಅಂದರೆ ಪದರದಲ್ಲಿರುವ ಬಿಂದು, ಗೆರೆ, ಆಕೃತಿಗಳನ್ನು, ಸೋಸುವ ಜಾಗ ಒಂದಲ್ಲ, ಐದಾರು ಇವೆ. ತೆರೆಯ ಮೇಲೆ ಅವೆಲ್ಲವೂ ಹೆಚ್ಚುಕಡಿಮೆ ಒಂದೇ ನೋಟವನ್ನು ಕೊಡುತ್ತವೆ, ಆದರೆ ಒಳಗೆ ನಡೆಯುವುದು ಬೇರೆ ಬೇರೆ. ಒಂದು ಚಿತ್ರವನ್ನು ಮಾತ್ರ ಬದಲಿಸುತ್ತದೆ, ಇನ್ನೊಂದು ಕೋಷ್ಟಕವನ್ನು ಮಾತ್ರ ಕಿರಿದು ಮಾಡುತ್ತದೆ, ಮತ್ತೊಂದು ಉಳಿದ ದತ್ತಾಂಶ ಇಲ್ಲವೇ ಇಲ್ಲ ಎಂದು ಇಡೀ ತಂತ್ರಾಂಶವನ್ನು ನಂಬಿಸಿಬಿಡುತ್ತದೆ. ಈ ಕೊನೆಯದೇ ಪದರದ ಫಿಲ್ಟರ್. ಈ ಲೇಖನದ ಬಹುಭಾಗ ಅದರ ಕುರಿತಾಗಿದೆ.

ಕ್ಯೂಜಿಐಎಸ್ ಮುಕ್ತ ತಂತ್ರಾಂಶ. 2002ರಲ್ಲಿ ಗ್ಯಾರಿ ಶೆರ್ಮನ್ ಅದನ್ನು ಆರಂಭಿಸಿದರು, ಅದರ ಮೂರನೇ ಸರಣಿ 2018ರಲ್ಲಿ ಹೊರಬಂತು. ಇಲ್ಲಿ ಹೇಳುವ ಹಂತಗಳು ಆ ಮೂರನೇ ಸರಣಿಯವು. ಆರ್ಕ್‌ಜಿಐಎಸ್ ಪ್ರೋ ಬಳಸುವವರಿಗೆ ಇದೇ ಸೌಲಭ್ಯ ಡೆಫಿನಿಷನ್ ಕ್ವೆರಿ ಎಂಬ ಹೆಸರಿನಲ್ಲಿ ಸಿಗುತ್ತದೆ; ಗುಂಡಿಗಳ ಜಾಗ ಬೇರೆಯಾದರೂ ಷರತ್ತು ಬರೆಯುವ ತರ್ಕ ಬದಲಾಗುವುದಿಲ್ಲ.

ಅಭ್ಯಾಸಕ್ಕೆ ಒಂದು ಪದರ

ವಿವರಣೆಯ ಅನುಕೂಲಕ್ಕಾಗಿ 'ಬಾವಿಗಳು' ಎಂಬ ಬಿಂದುಗಳ ಪದರವೊಂದನ್ನು ಊಹಿಸಿಕೊಳ್ಳೋಣ. ಅದರಲ್ಲಿ 1,240 ಬಾವಿಗಳಿವೆ. ಪ್ರತಿ ಬಾವಿಗೂ ಹೆಸರು, ಬಗೆ, ಆಳ, ಸ್ಥಿತಿ, ಅಳೆದ_ದಿನ ಎಂಬ ಐದು ಫೀಲ್ಡ್‌ಗಳು, ಅಂದರೆ ಕೋಷ್ಟಕದ ಕಂಬಸಾಲುಗಳು, ಇವೆ. ಆಳ ಮೀಟರ್‌ಗಳಲ್ಲಿದೆ. ಫೀಲ್ಡ್‌ಗಳ ಹೆಸರನ್ನು ಕನ್ನಡದಲ್ಲೇ ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಪದರ ಜಿಯೋಪ್ಯಾಕೇಜ್ ಎಂಬ ಬಗೆಯ ಕಡತದಲ್ಲಿದ್ದರೆ ಧಾರಾಳವಾಗಿ ಇಟ್ಟುಕೊಳ್ಳಬಹುದು. ಶೇಪ್‌ಫೈಲ್ ಎಂಬ ಹಳೆಯ ಬಗೆಯ ಕಡತವಾಗಿದ್ದರೆ ಕಷ್ಟ: ಅದರ ಕೋಷ್ಟಕದ ಭಾಗವಾದ ಡಿಬಿಎಫ್ ಕಡತದಲ್ಲಿ ಫೀಲ್ಡ್‌ನ ಹೆಸರಿಗೆ ಮೀಸಲಾಗಿರುವುದು 10 ಬೈಟ್‌ಗಳಷ್ಟು ಜಾಗ ಮಾತ್ರ, ಯೂನಿಕೋಡಿನ ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. 'ಆಳ' 6 ಬೈಟ್‌ಗಳಲ್ಲಿ ಮುಗಿಯುತ್ತದೆ. ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ 'ಸ್ಥಿತಿ' ಮಾತ್ರ ಒಳಗೆ ಆರು ಚಿಹ್ನೆಗಳಾಗಿ 18 ಬೈಟ್ ತೆಗೆದುಕೊಳ್ಳುತ್ತದೆ, ಅಂದರೆ ಶೇಪ್‌ಫೈಲಿನಲ್ಲಿ ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ. ಆದ್ದರಿಂದ ಶೇಪ್‌ಫೈಲ್ ಕೈಗೆ ಬಂದರೆ, ಫಿಲ್ಟರ್ ಬರೆಯುವ ಮೊದಲೇ ಪದರದ ಮೇಲೆ ಬಲ ಕ್ಲಿಕ್ ಮಾಡಿ, ಎಕ್ಸ್‌ಪೋರ್ಟ್ ಮೂಲಕ ಜಿಯೋಪ್ಯಾಕೇಜ್ ಆಗಿ ಉಳಿಸಿಕೊಳ್ಳುವುದು ನನ್ನ ರೂಢಿ.

ಮುಂದೆ ಬರುವ ಷರತ್ತುಗಳಲ್ಲಿ ಆಂಡ್, ಆರ್, ನಾಟ್, ಇನ್, ಲೈಕ್, ಈಸ್ ನಲ್ ಮುಂತಾದ ಪದಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ತಂತ್ರಾಂಶದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು, ಇಲ್ಲವೇ ಕಿಟಕಿಯಲ್ಲಿರುವ ಗುಂಡಿ ಒತ್ತಬೇಕು. ಫೀಲ್ಡ್‌ಗಳ ಹೆಸರು, ಮೌಲ್ಯ, ಅಂಕಿ, ಚಿಹ್ನೆಗಳನ್ನು ಇಲ್ಲಿರುವಂತೆಯೇ ಬರೆಯಬಹುದು.

ಮೊದಲ ಫಿಲ್ಟರ್

ಲೇಯರ್ಸ್ ಪ್ಯಾನಲ್‌ನಲ್ಲಿ 'ಬಾವಿಗಳು' ಪದರವನ್ನು ಆರಿಸಿ, ಬಲ ಕ್ಲಿಕ್ ಮಾಡಿ, ಫಿಲ್ಟರ್ ಎಂಬುದನ್ನು ಒತ್ತಿ. ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೂ ಆದೀತು. ಆ ಸಾಲು ಮಸುಕಾಗಿ ಕಂಡರೆ ಪದರ ಎಡಿಟ್ ಸ್ಥಿತಿಯಲ್ಲಿದೆ ಎಂದರ್ಥ. ಪೆನ್ಸಿಲ್ ಗುಂಡಿಯನ್ನು ಒತ್ತಿ, ಬದಲಾವಣೆಗಳನ್ನು ಉಳಿಸಿ, ಎಡಿಟಿಂಗ್ ನಿಲ್ಲಿಸಿದ ಮೇಲೆ ಅದು ತೆರೆದುಕೊಳ್ಳುತ್ತದೆ.

ಈಗ ಕ್ವೆರಿ ಬಿಲ್ಡರ್ ಕಿಟಕಿ ಎದುರಾಗುತ್ತದೆ. ಎಡಕ್ಕೆ ಫೀಲ್ಡ್‌ಗಳ ಪಟ್ಟಿ, ಬಲಕ್ಕೆ ಮೌಲ್ಯಗಳ ಪಟ್ಟಿ, ನಡುವೆ ಚಿಹ್ನೆಗಳ ಗುಂಡಿಗಳು, ಕೆಳಗೆ ಷರತ್ತು ಬರೆಯುವ ಖಾಲಿ ಜಾಗ. ಎಡಗಡೆ ಸ್ಥಿತಿ ಎಂಬ ಫೀಲ್ಡನ್ನು ಒಮ್ಮೆ ಒತ್ತಿ, ಬಲಗಡೆ ಸ್ಯಾಂಪಲ್ ಗುಂಡಿ ಒತ್ತಿದರೆ ಆ ಫೀಲ್ಡ್‌ನಲ್ಲಿರುವ ಮೊದಲ 25 ಭಿನ್ನ ಮೌಲ್ಯಗಳು ಕಾಣುತ್ತವೆ. ಆಲ್ ಗುಂಡಿ ಒತ್ತಿದರೆ ಎಲ್ಲವೂ ಕಾಣುತ್ತವೆ. ಲಕ್ಷಗಟ್ಟಲೆ ಸಾಲುಗಳಿರುವ ಪದರದಲ್ಲಿ ಆಲ್ ಒತ್ತಿದರೆ ಒಂದಿಷ್ಟು ಕಾಯಬೇಕಾಗುತ್ತದೆ, ಆದರೆ ಸಾಮಾನ್ಯ ಗಾತ್ರದ ಪದರಗಳಲ್ಲಿ ಆಲ್ ಒತ್ತುವುದೇ ಲೇಸು. ಒಂದೇ ಮಾತನ್ನು ನಾಲ್ಕು ರೀತಿ ಬರೆದಿರುವ ಅಧ್ವಾನವೆಲ್ಲ ಅಲ್ಲೇ ಬಯಲಾಗುತ್ತದೆ.

ಆಳ ಎಂಬ ಫೀಲ್ಡಿನ ಮೇಲೆ ಎರಡು ಬಾರಿ ಒತ್ತಿದರೆ ಅದು ಕೆಳಗಿನ ಜಾಗಕ್ಕೆ ಇಳಿಯುತ್ತದೆ. ಅನಂತರ ಚಿಹ್ನೆಯನ್ನೂ ಅಂಕಿಯನ್ನೂ ಸೇರಿಸಿ ಹೀಗೆ ಮಾಡಿ:

"ಆಳ" >= 60

ತಕ್ಷಣ ಓಕೆ ಒತ್ತಬೇಡಿ. ಟೆಸ್ಟ್ ಗುಂಡಿ ಒತ್ತಿ. ಷರತ್ತಿಗೆ ಎಷ್ಟು ಸಾಲುಗಳು ಹೊಂದಿದವು ಎಂಬ ಚಿಕ್ಕ ಸಂದೇಶ ಬರುತ್ತದೆ. ನಮ್ಮ ಪದರದಲ್ಲಿ ಅದು 318 ಎಂದಿಟ್ಟುಕೊಳ್ಳಿ. ಈ ಅಂಕಿಯನ್ನು ಓದಿ, ಇದು ನಂಬುವಂತಿದೆಯೇ ಎಂದು ಕ್ಷಣಕಾಲ ಯೋಚಿಸುವುದು ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ ಪರೀಕ್ಷೆ. ಸೊನ್ನೆ ಬಂದರೆ ಎಲ್ಲರೂ ಎಚ್ಚರಗೊಳ್ಳುತ್ತಾರೆ. 1,240ಕ್ಕೆ 1,240 ಬಂದರೂ ಅಷ್ಟೇ ಎಚ್ಚರ ಬೇಕು. ಅಂಕಿ ಸರಿಯೆನಿಸಿದ ಮೇಲೆ ಓಕೆ ಒತ್ತಿ. ನಕ್ಷೆಯಲ್ಲಿ 318 ಬಿಂದುಗಳು ಉಳಿಯುತ್ತವೆ, ಪದರದ ಹೆಸರಿನ ಪಕ್ಕ ಪುಟ್ಟ ಆಲಿಕೆಯ ಚಿತ್ರ ಮೂಡುತ್ತದೆ. ಆ ಆಲಿಕೆಯನ್ನು ಒತ್ತಿದರೆ ಕ್ವೆರಿ ಬಿಲ್ಡರ್ ಮತ್ತೆ ತೆರೆಯುತ್ತದೆ. ಫಿಲ್ಟರ್ ತೆಗೆಯಬೇಕೆಂದರೆ ಕ್ಲಿಯರ್ ಒತ್ತಿ ಓಕೆ ಒತ್ತಿದರೆ ಸಾಕು, 1,240 ಬಿಂದುಗಳೂ ಹಿಂದಿರುಗುತ್ತವೆ. ಮೂಲ ಕಡತದಲ್ಲಿ ಏನೂ ಬದಲಾಗಿರುವುದಿಲ್ಲ, ಏಕೆಂದರೆ ಷರತ್ತು ಉಳಿಯುವುದು ಪ್ರಾಜೆಕ್ಟ್ ಕಡತದಲ್ಲಿ, ದತ್ತಾಂಶದಲ್ಲಲ್ಲ.

ಫಿಲ್ಟರ್ ಇರುವಾಗಲೇ ಕಿಟಕಿಯನ್ನು ಮತ್ತೆ ತೆರೆದು ಷರತ್ತನ್ನು ಬದಲಿಸುವವರು ಒಂದು ವಿಷಯ ಗಮನಿಸಬೇಕು. ಆಗ ಮೌಲ್ಯಗಳ ಪಟ್ಟಿಯೂ ಸೋಸಿದ ಸಾಲುಗಳಿಂದಲೇ ಬರುತ್ತದೆ. 60 ಮೀಟರಿಗಿಂತ ಕಡಿಮೆ ಆಳದ ಬಾವಿಗಳಲ್ಲಿ ಮಾತ್ರ ಇರುವ ಒಂದು ಬಗೆ ಅಲ್ಲಿ ಕಾಣುವುದೇ ಇಲ್ಲ. ಮೌಲ್ಯಗಳ ಪಟ್ಟಿಯ ಕೆಳಗಿರುವ ಯೂಸ್ ಅನ್‌ಫಿಲ್ಟರ್ಡ್ ಲೇಯರ್ ಎಂಬ ಚೌಕಕ್ಕೆ ಗುರುತು ಹಾಕಿದರೆ ಇಡೀ ಪದರದ ಮೌಲ್ಯಗಳು ಬರುತ್ತವೆ.

ಉದ್ಧರಣ ಚಿಹ್ನೆಗಳ ವಿಚಾರ

ಫೀಲ್ಡ್‌ನ ಹೆಸರಿಗೆ ಜೋಡಿ ಉದ್ಧರಣ ಚಿಹ್ನೆ, ಪಠ್ಯದ ಮೌಲ್ಯಕ್ಕೆ ಒಂಟಿ ಉದ್ಧರಣ ಚಿಹ್ನೆ, ಅಂಕಿಗೆ ಯಾವ ಚಿಹ್ನೆಯೂ ಇಲ್ಲ. ಇದಿಷ್ಟೇ ನಿಯಮ.

"ಸ್ಥಿತಿ" = 'ಬಳಕೆಯಲ್ಲಿದೆ'

ಇದನ್ನು ತಿರುವುಮುರುವು ಮಾಡಿದಾಗ ದೋಷದ ಸಂದೇಶ ಬಂದರೆ ಪುಣ್ಯ. ಬಾರದಿದ್ದರೆ ಅಪಾಯ. ಜಿಯೋಪ್ಯಾಕೇಜ್ ಕಡತದ ಒಳಗಿರುವುದು ಎಸ್‌ಕ್ಯೂಲೈಟ್ ದತ್ತಸಂಚಯ. ಜೋಡಿ ಉದ್ಧರಣದೊಳಗಿನ ಹೆಸರಿನ ಫೀಲ್ಡ್ ಸಿಗದಿದ್ದರೆ ಅದನ್ನು ಸುಮ್ಮನೆ ಪಠ್ಯವೆಂದು ತಿಳಿದುಕೊಳ್ಳುವ ಹಳೆಯ ಚಾಳಿ ಎಸ್‌ಕ್ಯೂಲೈಟ್‌ಗೆ ಇದೆ. ನೀವು "ಆಳ" ಎಂಬುದರ ಬದಲು "ಅಳ" ಎಂದು ಬರೆದು, 60ಕ್ಕಿಂತ ದೊಡ್ಡದೇ ಎಂದು ಕೇಳಿದಿರಿ ಎಂದುಕೊಳ್ಳಿ. ತಂತ್ರಾಂಶದ ಆವೃತ್ತಿ ಈ ತಪ್ಪನ್ನು ಹಿಡಿಯದಿದ್ದರೆ, ಎಸ್‌ಕ್ಯೂಲೈಟ್ 'ಅಳ' ಎಂಬ ಪಠ್ಯವನ್ನು 60 ಎಂಬ ಅಂಕಿಯೊಂದಿಗೆ ಹೋಲಿಸುತ್ತದೆ. ಅದರ ನಿಯಮದಲ್ಲಿ ಪಠ್ಯ ಯಾವಾಗಲೂ ಅಂಕಿಗಿಂತ ದೊಡ್ಡದು. ಹಾಗಾಗಿ ಎಲ್ಲ 1,240 ಸಾಲುಗಳೂ ಪಾಸಾಗುತ್ತವೆ. ಫೀಲ್ಡ್‌ಗಳ ಹೆಸರನ್ನು ಟೈಪ್ ಮಾಡುವ ಬದಲು ಪಟ್ಟಿಯಿಂದ ಎರಡು ಬಾರಿ ಒತ್ತಿ ಇಳಿಸಿಕೊಳ್ಳಿ ಎಂದು ಹೇಳುವುದು ಸೋಮಾರಿತನದಿಂದಲ್ಲ.

ಷರತ್ತುಗಳನ್ನು ಜೋಡಿಸುವುದು

60 ಮೀಟರಿಗಿಂತ ಆಳವಾಗಿದ್ದು ಬಳಕೆಯಲ್ಲಿಯೂ ಇರುವ ಬಾವಿಗಳು ಬೇಕೆಂದರೆ ಎರಡು ಷರತ್ತುಗಳ ನಡುವೆ ಆಂಡ್ ಬರುತ್ತದೆ. ಎರಡರಲ್ಲಿ ಯಾವುದಾದರೂ ಸರಿ ಎಂದರೆ ಆರ್ ಬರುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ಬಳಸಿದಾಗ ತೊಡಕು ಶುರುವಾಗುತ್ತದೆ:

"ಬಗೆ" = 'ತೆರೆದ ಬಾವಿ' ಆರ್ "ಬಗೆ" = 'ಕೊಳವೆಬಾವಿ' ಆಂಡ್ "ಆಳ" >= 60

ಬರೆದವರ ಮನಸ್ಸಿನಲ್ಲಿದ್ದದ್ದು ಈ ಎರಡೂ ಬಗೆಗಳಲ್ಲಿ ಆಳವಾದವು. ತಂತ್ರಾಂಶ ಓದುವುದು ಹಾಗಲ್ಲ. ಅದು ಆಂಡ್ ಅನ್ನು ಮೊದಲು ಬಿಡಿಸುತ್ತದೆ, ಆದ್ದರಿಂದ ಎಷ್ಟೇ ಆಳದ ತೆರೆದ ಬಾವಿಗಳಾದರೂ ಒಳಬರುತ್ತವೆ, ಆಳದ ಮಿತಿ ಕೊಳವೆಬಾವಿಗಳಿಗೆ ಮಾತ್ರ ಅನ್ವಯವಾಗುತ್ತದೆ. ಆರ್ ಇರುವ ಭಾಗಕ್ಕೆ ಆವರಣ ಹಾಕಬೇಕು, ಅಥವಾ ಇನ್ನೂ ಚೊಕ್ಕಟವಾಗಿ ಹೀಗೆ ಬರೆಯಬೇಕು:

"ಬಗೆ" ಇನ್ ('ತೆರೆದ ಬಾವಿ', 'ಕೊಳವೆಬಾವಿ') ಆಂಡ್ "ಆಳ" >= 60

ಹೆಸರಿನ ಒಂದು ತುಣುಕು ಮಾತ್ರ ಗೊತ್ತಿದ್ದಾಗ ಲೈಕ್ ನೆರವಿಗೆ ಬರುತ್ತದೆ. "ಹೆಸರು" ಲೈಕ್ 'ಹೊಸ%' ಎಂದರೆ ಹೊಸ ಎಂದು ಶುರುವಾಗುವ ಎಲ್ಲ ಹೆಸರುಗಳು. ಶೇಕಡಾ ಚಿಹ್ನೆ ಅಲ್ಲಿ ಏನು ಬೇಕಾದರೂ ಇರಬಹುದು, ಇಲ್ಲದೆಯೂ ಇರಬಹುದು ಎಂಬುದನ್ನು ಸೂಚಿಸುತ್ತದೆ. ಲ್ಯಾಟಿನ್ ಲಿಪಿಯ ಹೆಸರುಗಳಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ಭೇದವನ್ನು ಲೈಕ್ ನೋಡುತ್ತದೆಯೋ ಇಲ್ಲವೋ ಎಂಬುದು ಪದರ ಎಲ್ಲಿಂದ ಬಂದಿದೆ ಎಂಬುದನ್ನು ಅವಲಂಬಿಸಿದೆ: ಪೋಸ್ಟ್‌ಜಿಐಎಸ್ ಎಂಬ ನಕ್ಷೆಗಳ ದತ್ತಸಂಚಯದಲ್ಲಿ ನೋಡುತ್ತದೆ, ಜಿಯೋಪ್ಯಾಕೇಜ್‌ನಲ್ಲಿ ಸಾಮಾನ್ಯವಾಗಿ ನೋಡುವುದಿಲ್ಲ. ಕನ್ನಡದಲ್ಲಿ ದೊಡ್ಡ ಸಣ್ಣ ಅಕ್ಷರಗಳ ಗೊಡವೆಯಿಲ್ಲ. ಆದರೆ ನಮ್ಮ ಲಿಪಿಗೆ ಅದರದೇ ಗೊಡವೆಗಳಿವೆ.

ಕನ್ನಡ ಪಠ್ಯವಿರುವ ಫೀಲ್ಡ್‌ಗಳು

ನಾವು ಅಕ್ಷರ ಎನ್ನುವುದನ್ನು ದತ್ತಸಂಚಯ ಅಕ್ಷರವೆಂದು ಎಣಿಸುವುದಿಲ್ಲ. 'ಕೆರೆ' ನಮಗೆ ಎರಡು ಅಕ್ಷರ. ಅದಕ್ಕೆ ಕ, ಎತ್ವ, ರ, ಎತ್ವ ಎಂದು ನಾಲ್ಕು. ಲೈಕ್ ಜೊತೆ ಒಂದು ಅಕ್ಷರದ ಬದಲಿಗೆ ಅಡಿಗೆರೆ ಬಳಸಿದಾಗ, ಎರಡಕ್ಷರದ ಹೆಸರನ್ನು ಹುಡುಕಲು ಎರಡು ಅಡಿಗೆರೆ ಹಾಕಿದರೆ 'ಕೆರೆ' ಸಿಗದಿರುವುದು ಈ ಕಾರಣಕ್ಕೆ. ಹಾಗೆಯೇ 'ಕಲ%' ಎಂದು ಕೇಳಿದರೆ 'ಕಲಶ' ಮಾತ್ರವಲ್ಲ, 'ಕಲ್ಲು' ಕೂಡ ಬರುತ್ತದೆ, ಏಕೆಂದರೆ ಒತ್ತಕ್ಷರವು ಲ ಆದ ಮೇಲೆ ಬರುವ ಪ್ರತ್ಯೇಕ ಚಿಹ್ನೆಗಳ ಸಾಲು.

ಇದಕ್ಕಿಂತ ಹೆಚ್ಚು ಕಾಡುವುದು ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಮೌಲ್ಯಗಳು. ಹಳೆಯ ಅಕ್ಷರವಿನ್ಯಾಸದಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಕೋಷ್ಟಕಗಳಲ್ಲಿ, ಅರ್ಧಾಕ್ಷರದಿಂದ ಕೊನೆಗೊಳ್ಳುವ ಪದಗಳ ತುದಿಗೆ ಕಾಣದ ಜೋಡಣೆ-ತಡೆ ಚಿಹ್ನೆಯೊಂದು ಅಂಟಿಕೊಂಡಿರುವುದುಂಟು. ಆಗ ಮೌಲ್ಯಗಳ ಪಟ್ಟಿಯಲ್ಲಿ 'ಬೋರ್‌ವೆಲ್' ಎರಡು ಸಲ ಕಾಣುತ್ತದೆ; ಎರಡನ್ನೂ ಎಷ್ಟು ಹೊತ್ತು ದಿಟ್ಟಿಸಿದರೂ ವ್ಯತ್ಯಾಸ ತಿಳಿಯದು. ಇನ್ನೊಂದು ಪಿಡುಗು ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನು ಟೈಪ್ ಮಾಡಿರುವುದು. 'ಬಂದ್ ಆಗಿದೆ' ಎಂಬುದನ್ನು ಒಬ್ಬರು ಅನುಸ್ವಾರದಿಂದಲೂ ಮತ್ತೊಬ್ಬರು ಸೊನ್ನೆಯಿಂದಲೂ ಬರೆದರೆ ಫಿಲ್ಟರ್ ಪಾಲಿಗೆ ಅವು ಸಂಬಂಧವೇ ಇಲ್ಲದ ಎರಡು ಮಾತುಗಳು. ಪಟ್ಟಿಯಲ್ಲಿ ಒಂದೇ ಮೌಲ್ಯ ಎರಡು ಬಾರಿ ಕಂಡರೆ ಸದ್ಯಕ್ಕೆ ಇನ್ ಬಳಸಿ, ಎರಡನ್ನೂ ಪಟ್ಟಿಯಿಂದಲೇ ಇಳಿಸಿ, ಒಳಗೆ ಸೇರಿಸಿ. ಬಿಡುವಾದಾಗ ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ರಿಪ್ಲೇಸ್ ಬಳಸಿ ಮೂಲದಲ್ಲೇ ಸರಿಪಡಿಸಿ.

ಅಂಕಿಗಳಂತೆ ಕಾಣುವ ಪಠ್ಯವೂ ಹೀಗೆಯೇ ಮೋಸ ಮಾಡುತ್ತದೆ. ಯಾರೋ ಆಳ ಎಂಬ ಫೀಲ್ಡನ್ನು ಪಠ್ಯವಾಗಿ ರಚಿಸಿದ್ದರೆ, "ಆಳ" >= 60 ಎಂಬ ಷರತ್ತು ಜಿಯೋಪ್ಯಾಕೇಜ್‌ನಲ್ಲಿ ಎಡದಿಂದ ಒಂದೊಂದೇ ಅಂಕಿಯನ್ನು ಹೋಲಿಸುತ್ತದೆ. ಆಗ 9 ಮೀಟರಿನ ಬಾವಿ ಒಳಗೆ ಬರುತ್ತದೆ, 100 ಮೀಟರಿನದು ಹೊರಗುಳಿಯುತ್ತದೆ. ಫೀಲ್ಡ್‌ನ ಹೆಸರಿನ ಪಕ್ಕದ ಗುರುತು 123 ಅಥವಾ 1.2 ಎಂದಿದ್ದರೆ ಅದು ಅಂಕಿ. ಅಕ್ಷರಗಳ ಗುರುತಿದ್ದರೆ ಪಠ್ಯ. ಪಠ್ಯವಾಗಿದ್ದಲ್ಲಿ, ಅದನ್ನು ಅಂಕಿಯಾಗಿ ಓದಿಸುವ ಕಾಸ್ಟ್ ಬಳಸಿ ಹೀಗೆ ಬರೆಯಬಹುದು:

ಕಾಸ್ಟ್("ಆಳ" ಆ್ಯಸ್ ರಿಯಲ್) >= 60

ಆದರೆ ಯಾರಾದರೂ ೬೦ ಎಂದು ಕನ್ನಡ ಅಂಕಿಯಲ್ಲಿ ತುಂಬಿದ್ದರೆ ಕಾಸ್ಟ್ ಅದನ್ನು ಸೊನ್ನೆಯೆಂದೇ ಓದುತ್ತದೆ. ಅದಕ್ಕೆ ಫಿಲ್ಟರ್‌ನಲ್ಲಿ ಮದ್ದಿಲ್ಲ, ದತ್ತಾಂಶವನ್ನೇ ತಿದ್ದಬೇಕು.

ಖಾಲಿ ಬಿಟ್ಟ ಸಾಲುಗಳು

ಫಿಲ್ಟರ್‌ನಲ್ಲಿ ಅತಿ ಹೆಚ್ಚು ಜನ, ಅನುಭವಿಗಳೂ ಸೇರಿ, ಎಡವುವ ಜಾಗ ಇದು. ನಮ್ಮ ಪದರದಲ್ಲಿ 290 ಬಾವಿಗಳ ಸ್ಥಿತಿ 'ಬತ್ತಿದೆ' ಎಂದಿದೆ, 75 ಬಾವಿಗಳಿಗೆ ಸ್ಥಿತಿಯನ್ನು ತುಂಬಿಯೇ ಇಲ್ಲ. ಬತ್ತದಿರುವ ಬಾವಿಗಳು ಬೇಕೆಂದು ಹೀಗೆ ಬರೆಯುತ್ತೀರಿ:

"ಸ್ಥಿತಿ" <> 'ಬತ್ತಿದೆ'

1,240ರಲ್ಲಿ 290 ಕಳೆದರೆ 950 ಬರಬೇಕು. ಟೆಸ್ಟ್ ಗುಂಡಿ 875 ಎನ್ನುತ್ತದೆ. ಖಾಲಿ ಬಿಟ್ಟ ಜಾಗವನ್ನು ದತ್ತಸಂಚಯ ನಲ್ ಎಂದು ಕರೆಯುತ್ತದೆ, ಅಂದರೆ ಮೌಲ್ಯವೇನೆಂದು ತಿಳಿದಿಲ್ಲ. ತಿಳಿಯದ ಒಂದನ್ನು 'ಬತ್ತಿದೆ' ಎಂಬುದಕ್ಕೆ ಹೋಲಿಸಿದರೆ ಉತ್ತರ ಹೌದೂ ಅಲ್ಲ, ಅಲ್ಲ ಎಂಬುದೂ ಅಲ್ಲ. ಅದೂ ತಿಳಿದಿಲ್ಲ ಎಂದೇ ಆಗುತ್ತದೆ. ಹೌದು ಎಂಬ ಉತ್ತರ ಬಂದ ಸಾಲನ್ನು ಮಾತ್ರ ಫಿಲ್ಟರ್ ಒಳಬಿಡುತ್ತದೆ. ಹಾಗಾಗಿ ಆ 75 ಬಾವಿಗಳು 'ಬತ್ತಿದೆ' ಎಂದು ಕೇಳಿದಾಗಲೂ ಸಿಗುವುದಿಲ್ಲ, 'ಬತ್ತಿಲ್ಲ' ಎಂದು ಕೇಳಿದಾಗಲೂ ಸಿಗುವುದಿಲ್ಲ; ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟರೂ ಅವು ಎಲ್ಲಿಯೂ ಇರುವುದಿಲ್ಲ. ಅವೂ ಬೇಕಿದ್ದರೆ ಹೆಸರು ಹಿಡಿದು ಕರೆಯಬೇಕು:

"ಸ್ಥಿತಿ" <> 'ಬತ್ತಿದೆ' ಆರ್ "ಸ್ಥಿತಿ" ಈಸ್ ನಲ್

ಸಮ ಚಿಹ್ನೆ ಹಾಕಿ ನಲ್ ಬರೆದರೆ ಇದೇ ಕಾರಣಕ್ಕೆ ಏನೂ ಸಿಗದು. ಈಸ್ ನಲ್ ಎಂದೇ ಬರೆಯಬೇಕು. ಏನೂ ಬರೆಯದ ಖಾಲಿ ಪಠ್ಯ ನಲ್‌ಗಿಂತ ಬೇರೆ ಎಂಬುದೂ ನೆನಪಿರಲಿ. ಕೆಲವು ದತ್ತಾಂಶಗಳಲ್ಲಿ ತಿಳಿಯದ ಮೌಲ್ಯಕ್ಕೆ -99 ಅಥವಾ -9999 ಎಂದು ತುಂಬಿರುತ್ತಾರೆ. ನ್ಯಾಚುರಲ್ ಅರ್ತ್ ಎಂಬ ಉಚಿತ ಜಾಗತಿಕ ದತ್ತಾಂಶದ ದೇಶಗಳ ಪದರದಲ್ಲಿಯೂ ಕೆಲವೆಡೆ -99 ಕಾಣಿಸುತ್ತದೆ. ಇಂಥ ಕಡೆ 20 ಮೀಟರಿಗಿಂತ ಕಡಿಮೆ ಆಳ ಎಂದು ಕೇಳಿದರೆ, ಆಳವೇ ಗೊತ್ತಿಲ್ಲದ ಬಾವಿಗಳೆಲ್ಲ ಮುಂಚೂಣಿಯಲ್ಲಿ ಬಂದು ನಿಲ್ಲುತ್ತವೆ.

ದಿನಾಂಕಗಳು

ಜಿಯೋಪ್ಯಾಕೇಜ್‌ನಲ್ಲಿ ದಿನಾಂಕವು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಉಳಿಯುತ್ತದೆ. 2023ರಲ್ಲಿ ಅಳೆದ ಬಾವಿಗಳನ್ನು ಹೀಗೆ ಕೇಳಬೇಕು:

"ಅಳೆದ_ದಿನ" >= '2023-01-01' ಆಂಡ್ "ಅಳೆದ_ದಿನ" < '2024-01-01'

ಮೇಲಿನ ಮಿತಿಯನ್ನು '2023-12-31' ಎಂದಿಡದೆ ಮರುದಿನಕ್ಕಿಂತ ಮೊದಲು ಎಂದು ಬರೆಯಲು ಕಾರಣವಿದೆ. ಫೀಲ್ಡ್‌ನಲ್ಲಿ ದಿನದ ಜೊತೆ ಗಂಟೆಯೂ ಇದ್ದರೆ, ಡಿಸೆಂಬರ್ 31ರ ಬೆಳಿಗ್ಗೆ ಹತ್ತು ಗಂಟೆಯ ಅಳತೆ '2023-12-31' ಎಂಬುದಕ್ಕಿಂತ ದೊಡ್ಡದಾಗಿ ಹೊರಗುಳಿಯುತ್ತದೆ.

ಇಲ್ಲಿ ಕೆಲವರು ಕ್ಯೂಜಿಐಎಸ್‌ನದೇ ಇಯರ್ ಎಂಬ ಫಂಕ್ಷನ್ ಬಳಸಲು ನೋಡಿ ದೋಷದ ಸಂದೇಶ ಪಡೆಯುತ್ತಾರೆ. ಪದರದ ಫಿಲ್ಟರನ್ನು ಬಿಡಿಸುವುದು ಕ್ಯೂಜಿಐಎಸ್ ಅಲ್ಲ, ದತ್ತಾಂಶ ಎಲ್ಲಿದೆಯೋ ಆ ಮೂಲ. ಜಿಯೋಪ್ಯಾಕೇಜ್ ಆದರೆ ಎಸ್‌ಕ್ಯೂಲೈಟ್‌ನ ಭಾಷೆ, ಪೋಸ್ಟ್‌ಜಿಐಎಸ್ ಆದರೆ ಅದರ ತಳದಲ್ಲಿರುವ ಪೋಸ್ಟ್‌ಗ್ರೆಸ್‌ನ ಭಾಷೆ. ಕ್ಯೂಜಿಐಎಸ್‌ನ ವಿಸ್ತೀರ್ಣ, ಉದ್ದ ಮುಂತಾದ ಫಂಕ್ಷನ್‌ಗಳು ಅಲ್ಲಿ ನಡೆಯುವುದಿಲ್ಲ. ಬೇರೊಂದು ಕೋಷ್ಟಕದಿಂದ ಜೋಡಿಸಿದ ಫೀಲ್ಡ್‌ಗಳು, ಕ್ಯೂಜಿಐಎಸ್ ತಾನೇ ಲೆಕ್ಕ ಹಾಕಿ ತೋರಿಸುವ ವರ್ಚುವಲ್ ಫೀಲ್ಡ್‌ಗಳು ಕ್ವೆರಿ ಬಿಲ್ಡರ್‌ನ ಪಟ್ಟಿಯಲ್ಲಿ ಕಾಣದಿರುವುದೂ ಇದೇ ಕಾರಣಕ್ಕೆ: ಅವು ಮೂಲದಲ್ಲಿ ಇಲ್ಲ.

ಫಿಲ್ಟರ್ ಹಾಕಿದ ಮೇಲೆ ಬದಲಾಗುವುದು

ಎಫ್6 ಕೀಲಿ ಒತ್ತಿ ಆಟ್ರಿಬ್ಯೂಟ್ ಟೇಬಲ್ ತೆರೆಯಿರಿ. ಶೀರ್ಷಿಕೆಯ ಪಟ್ಟಿಯಲ್ಲಿ ಒಟ್ಟು ಎಷ್ಟು, ಸೋಸಿದ್ದು ಎಷ್ಟು, ಆಯ್ದದ್ದು ಎಷ್ಟು ಎಂದಿರುತ್ತದೆ. ಪದರಕ್ಕೆ ಆಳದ ಫಿಲ್ಟರ್ ಇರುವಾಗ ಅಲ್ಲಿ ಒಟ್ಟು ಎಂಬುದರ ಮುಂದೆಯೇ 318 ಎಂದಿರುತ್ತದೆ. 1,240 ಎಂಬ ಅಂಕಿ ಆ ಕಿಟಕಿಯಲ್ಲಿ ಎಲ್ಲಿಯೂ ಇರುವುದಿಲ್ಲ. ಪದರದ ಫಿಲ್ಟರ್‌ನ ಸ್ವಭಾವವೇ ಇದು: ಲೇಬಲ್, ಸರಾಸರಿ, ಬಫರ್ (ಸುತ್ತಲೂ ಇಂತಿಷ್ಟು ಅಂತರದ ವಲಯ ಎಳೆಯುವುದು), ಎಕ್ಸ್‌ಪೋರ್ಟ್ ಎಲ್ಲವೂ 318ರ ಮೇಲೆಯೇ ನಡೆಯುತ್ತವೆ, ಯಾವುದೂ ಎಚ್ಚರಿಸುವುದಿಲ್ಲ.

ಒಂದು ವಾರ ಹಾಕಿದ್ದ ಫಿಲ್ಟರನ್ನು ಮರೆತು, ಮುಂದಿನ ವಾರ ಅದೇ ಪದರದ ಸರಾಸರಿ ಆಳವನ್ನು ಲೆಕ್ಕ ಹಾಕಿ ಕಳುಹಿಸಿದ ಸಾಧನೆ ನನ್ನದೂ ಇದೆ. ಸರಾಸರಿ ನೋಡಿ ನನಗೆ ಅನುಮಾನ ಬರಲಿಲ್ಲ. ಓದಿದವರೊಬ್ಬರು ನಿಮ್ಮ ಅತಿ ಕಡಿಮೆ ಆಳ ಸರಿಯಾಗಿ 60 ಮೀಟರಿಗೇ ನಿಂತಿದೆಯಲ್ಲ ಎಂದು ಕೇಳಿದಾಗ ಆಲಿಕೆಯ ಕಡೆ ಕಣ್ಣು ಹೋಯಿತು. ಅಂದಿನಿಂದ ಫಿಲ್ಟರ್ ಇರುವ ಪದರದ ಹೆಸರನ್ನೇ 'ಬಾವಿಗಳು 60 ಮೀ ಮೇಲೆ' ಎಂದು ಬದಲಿಸಿಡುತ್ತೇನೆ. ಪೂರ್ತಿ ಪದರವೂ ಬೇಕಾದಾಗ, ಬಲ ಕ್ಲಿಕ್‌ನಲ್ಲಿರುವ ಡೂಪ್ಲಿಕೇಟ್ ಲೇಯರ್ ಮೂಲಕ ಎರಡನೇ ಪ್ರತಿ ಮಾಡಿಕೊಂಡು, ಒಂದಕ್ಕೆ ಮಾತ್ರ ಫಿಲ್ಟರ್ ಹಾಕುತ್ತೇನೆ. ಎರಡೂ ಒಂದೇ ಕಡತವನ್ನು ಓದುವುದರಿಂದ ದತ್ತಾಂಶ ಎರಡಾಗುವುದಿಲ್ಲ.

ಫಿಲ್ಟರ್ ಇರುವಾಗ ಎಡಿಟ್ ಮಾಡುವವರಿಗೆ ಇನ್ನೊಂದು ಮಾತು. 40 ಮೀಟರ್ ಆಳದ ಹೊಸ ಬಾವಿಯನ್ನು ಸೇರಿಸಿ ಉಳಿಸಿದರೆ ಅದು ಕಣ್ಮರೆಯಾಗಬಹುದು. ಉಳಿಯಲಿಲ್ಲವೆಂದು ಮತ್ತೊಮ್ಮೆ ಸೇರಿಸಬೇಡಿ. ಅದು ಕಡತದಲ್ಲಿದೆ, ಷರತ್ತಿನ ಆಚೆ ಇದೆ, ಅಷ್ಟೇ.

ಫಿಲ್ಟರ್ ಬೇಡವಾದ ಸಂದರ್ಭಗಳು

ಕೆಲವು ಬಾವಿಗಳನ್ನು ಗುರುತಿಸಿ ಏನಾದರೂ ಮಾಡಬೇಕು, ಉಳಿದವು ಕಣ್ಣೆದುರೇ ಇರಬೇಕು ಎಂದಾದರೆ ಆಯ್ಕೆ ಮಾಡಿಕೊಳ್ಳುವುದು ಒಳ್ಳೆಯದು. ಕಂಟ್ರೋಲ್ ಮತ್ತು ಎಫ್3 ಒತ್ತಿದರೆ ಸೆಲೆಕ್ಟ್ ಬೈ ಎಕ್ಸ್‌ಪ್ರೆಶನ್ ತೆರೆಯುತ್ತದೆ. ಇಲ್ಲಿ ಕ್ಯೂಜಿಐಎಸ್‌ನ ಎಲ್ಲ ಫಂಕ್ಷನ್‌ಗಳೂ, ಜೋಡಿಸಿದ ಫೀಲ್ಡ್‌ಗಳೂ ನಡೆಯುತ್ತವೆ. ಆಯ್ದವು ಹಳದಿಯಾಗಿ ಹೊಳೆಯುತ್ತವೆ. ಆದರೆ ಪ್ರೊಸೆಸಿಂಗ್ ಸಾಧನಗಳು ಆಯ್ಕೆಯನ್ನು ತಾವಾಗಿ ಗೌರವಿಸುವುದಿಲ್ಲ; ಸೆಲೆಕ್ಟೆಡ್ ಫೀಚರ್ಸ್ ಓನ್ಲಿ ಎಂಬ ಚೌಕಕ್ಕೆ ಪ್ರತಿ ಸಲವೂ ಗುರುತು ಹಾಕಬೇಕು.

ಕೋಷ್ಟಕದಲ್ಲಿ ಮಾತ್ರ ಸೋಸಿ ನೋಡಬೇಕಿದ್ದರೆ ಆಟ್ರಿಬ್ಯೂಟ್ ಟೇಬಲ್‌ನ ಕೆಳ ಎಡಮೂಲೆಯ ಗುಂಡಿ ಸಾಕು. ಅದು ನಕ್ಷೆಯನ್ನು ಮುಟ್ಟುವುದಿಲ್ಲ.

ನಕ್ಷೆಯ ನೋಟ ಮಾತ್ರ ಮುಖ್ಯವಾದಾಗ ನಾನು ಪದರದ ಫಿಲ್ಟರ್ ಬಿಟ್ಟು ರೂಲ್ ಬೇಸ್ಡ್ ಶೈಲಿಯನ್ನು ಬಳಸುತ್ತೇನೆ. ಪದರದ ಪ್ರಾಪರ್ಟೀಸ್‌ನಲ್ಲಿ ಸಿಂಬಾಲಜಿಗೆ ಹೋಗಿ, ಮೇಲಿನ ಪಟ್ಟಿಯಿಂದ ರೂಲ್ ಬೇಸ್ಡ್ ಆರಿಸಿ, ಪ್ರತಿ ನಿಯಮಕ್ಕೂ ಒಂದು ಷರತ್ತು, ಒಂದು ಚಿಹ್ನೆ, ಬೇಕಿದ್ದರೆ ಒಂದು ಮಾಪಕದ ಮಿತಿ ಕೊಡಬಹುದು. ದೂರದಿಂದ ಆಳವಾದ ಬಾವಿಗಳು ಮಾತ್ರ, ಹತ್ತಿರ ಹೋದಂತೆ ಎಲ್ಲವೂ ಎಂಬ ನೋಟ ಹೀಗೆ ಸಾಧ್ಯ. ಷರತ್ತಿನ ಜಾಗದಲ್ಲಿ ಎಲ್ಸ್ ಆರಿಸಿದರೆ ಯಾವ ನಿಯಮಕ್ಕೂ ಹೊಂದದ ಸಾಲುಗಳು ಅಲ್ಲಿ ಬಂದು ಸೇರುತ್ತವೆ. ಖಾಲಿ ಸ್ಥಿತಿಯ ಆ 75 ಬಾವಿಗಳನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಬಲೆ ಇಲ್ಲ. ಒಂದು ಫೀಚರ್ ಎರಡು ನಿಯಮಗಳಿಗೆ ಹೊಂದಿದರೆ ಎರಡು ಬಾರಿ ಚಿತ್ರಿತವಾಗುತ್ತದೆ, ಕೌಂಟ್ ಫೀಚರ್ಸ್ ಗುಂಡಿ ಅದನ್ನು ತೋರಿಸಿಕೊಡುತ್ತದೆ.

ಸೋಸಿದ್ದನ್ನು ಇನ್ನೊಬ್ಬರಿಗೆ ಕೊಡಬೇಕಾದರೆ ಪ್ರೊಸೆಸಿಂಗ್ ಟೂಲ್‌ಬಾಕ್ಸ್‌ನ ಎಕ್ಸ್‌ಟ್ರಾಕ್ಟ್ ಬೈ ಎಕ್ಸ್‌ಪ್ರೆಶನ್ ಮೂಲಕ ಹೊಸ ಪದರ ಮಾಡಿ. ಅದು ಆ ಕ್ಷಣದ ಪ್ರತಿ. ಮೂಲ ಬದಲಾದರೆ ಇದು ಬದಲಾಗದು.

ಜಾಗವನ್ನು ಆಧರಿಸಿ ಸೋಸುವುದು

ಈವರೆಗಿನ ಷರತ್ತುಗಳೆಲ್ಲ ಕೋಷ್ಟಕದ ಮೌಲ್ಯಗಳ ಮೇಲೆ ನಿಂತಿದ್ದವು. ಒಂದು ಗಡಿಯ ಒಳಗಿನ ಬಾವಿಗಳು ಬೇಕೆಂದರೆ ಎಕ್ಸ್‌ಟ್ರಾಕ್ಟ್ ಬೈ ಲೊಕೇಶನ್ ತೆರೆದು, ಮೊದಲ ಜಾಗದಲ್ಲಿ ಬಾವಿಗಳನ್ನೂ ಹೋಲಿಕೆಯ ಜಾಗದಲ್ಲಿ ಗಡಿಯ ಪದರವನ್ನೂ ಕೊಟ್ಟು, ಸಂಬಂಧವನ್ನು ಆರಿಸಿ. ಇಂಟರ್‌ಸೆಕ್ಟ್ ಆರಿಸಿದರೆ ಗಡಿರೇಖೆಯ ಮೇಲೆಯೇ ಇರುವ ಬಾವಿಯೂ ಬರುತ್ತದೆ. ವಿದಿನ್ ಆರಿಸಿದರೆ ಬರುವುದಿಲ್ಲ. ಎರಡು ನೆರೆ ಪ್ರದೇಶಗಳಿಗೆ ಬೇರೆ ಬೇರೆಯಾಗಿ ಇಂಟರ್‌ಸೆಕ್ಟ್ ಮಾಡಿ ಕೂಡಿದಾಗ ಒಟ್ಟು ಸಂಖ್ಯೆ ಒಂದೆರಡು ಹೆಚ್ಚಾಗಿ ಬಂದರೆ, ನಡುವಿನ ಗಡಿಯ ಮೇಲಿನ ಬಾವಿ ಎರಡೂ ಕಡೆ ಎಣಿಕೆಯಾಗಿದೆ.

ನದಿಯಿಂದ 500 ಮೀಟರಿನೊಳಗಿನ ಬಾವಿಗಳು ಬೇಕಿದ್ದರೆ ಮೊದಲು ನದಿಗೆ ಬಫರ್ ಮಾಡಿ, ಅದರಿಂದ ಸೋಸಬೇಕು. ಬಫರ್‌ನ ಅಂತರದ ಪಕ್ಕದಲ್ಲಿ ಯಾವ ಮಾನ ಇದೆ ಎಂದು ನೋಡಿ. ಪದರ ಅಕ್ಷಾಂಶ ರೇಖಾಂಶಗಳಲ್ಲಿದ್ದರೆ ಅಲ್ಲಿ ಡಿಗ್ರಿ ಎಂದಿರುತ್ತದೆ. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿಲೋಮೀಟರ್, ಹಾಗಾಗಿ 500 ಎಂದು ತುಂಬಿದರೆ ಇಡೀ ಭೂಮಿಯೇ ನದಿಯ ದಡವಾಗುತ್ತದೆ. ರೀಪ್ರೊಜೆಕ್ಟ್ ಲೇಯರ್ ಬಳಸಿ, ಮೀಟರ್ ಮಾನದ ನಿರ್ದೇಶಾಂಕ ವ್ಯವಸ್ಥೆಗೆ ಪದರವನ್ನು ತಂದುಕೊಂಡ ಮೇಲೆ ಬಫರ್ ಮಾಡಿ.

ಬೇರೊಬ್ಬರ ಪ್ರಾಜೆಕ್ಟ್ ಕೈಗೆ ಬಂದಾಗ

ಮೊದಲು ಲೇಯರ್ಸ್ ಪ್ಯಾನಲ್‌ನಲ್ಲಿ ಮೇಲಿನಿಂದ ಕೆಳಗೆ ಆಲಿಕೆಗಳನ್ನು ಹುಡುಕಿ. ಗುಂಪುಗಳು ಮಡಚಿಕೊಂಡಿದ್ದರೆ ಬಿಚ್ಚಿ ನೋಡಿ. ಆಲಿಕೆಯ ಮೇಲೆ ಮೌಸ್ ನಿಲ್ಲಿಸಿದರೆ ಷರತ್ತು ಕಾಣುತ್ತದೆ. ಉದ್ದದ ಷರತ್ತಾಗಿದ್ದರೆ ಕ್ವೆರಿ ಬಿಲ್ಡರ್ ತೆರೆದು, ಸೇವ್ ಗುಂಡಿಯಿಂದ ಅದನ್ನು ಪ್ರತ್ಯೇಕ ಕಡತವಾಗಿ ಉಳಿಸಿಕೊಂಡು, ಆಮೇಲೆ ಕ್ಲಿಯರ್ ಮಾಡಿ. ಬೇಕಾದಾಗ ಲೋಡ್ ಗುಂಡಿಯಿಂದ ಮರಳಿ ತರಬಹುದು. ಕ್ಲಿಯರ್ ಮಾಡುವ ಮೊದಲು ಮತ್ತು ನಂತರ, ಬಲ ಕ್ಲಿಕ್‌ನಲ್ಲಿರುವ ಶೋ ಫೀಚರ್ ಕೌಂಟ್ ಒತ್ತಿ ಎರಡೂ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಆ ಎರಡರ ನಡುವಿನ ಅಂತರ ಏಕೆ ಬಂತೆಂದು ಪ್ರಾಜೆಕ್ಟ್ ಕೊಟ್ಟವರನ್ನು ಕೇಳಿದ ಮೇಲೆಯೇ ಆ ಪದರದ ಮೇಲೆ ಲೆಕ್ಕ ಶುರುಮಾಡಿ.